ಬಾತಿನಮ್ಮ ಕೊಟ್ಟ ಮಾತು

ಬಾತಿನಮ್ಮನಿಗೆ ಒಂದು ಅಭ್ಯಾಸವಿತ್ತು. ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ ನಿಂತು, ತೌಡಿನ ಬಟ್ಟಲನ್ನು ಸೊಂಟಕ್ಕೆ ಆನಿಸಿಕೊಂಡು, ನೀರಿನ ಕಡೆಗೆ 'ಬಾ, ಬಾ' ಎಂದು ಕರೆಯುತ್ತಿದ್ದಳು. ಬಾತುಗಳು ನೀರಂಚಿನ ಕಾಂಡ್ಲ ಗಿಡಗಳ ಬೇರಿನ ಸಂದಿಯಿಂದ ಒಂದರ ಹಿಂದೊಂದು ಬಂದು, ಕೆಸರು ಕೊಡವಿ, ಕಂಬಗಳ ಮೇಲೆ ನಿಂತ ಮನೆಯ ಅಡಿಗೆ ಸೇರಿಕೊಳ್ಳುತ್ತಿದ್ದವು. ಕೊನೆಯ ಬಾತೂ ಒಳಸೇರಿ ತಡಿಕೆ ಮುಚ್ಚಿದ ಮೇಲೆ ಅವಳು ಇನ್ನೊಂದು ಸಲ, ಏನೂ ಇಲ್ಲದ ನೀರಿಗೆ, 'ಬಾ' ಎನ್ನುತ್ತಿದ್ದಳು. ಎಲ್ಲ ಬಂದಾಯಿತಲ್ಲ, ಇದು ಯಾರಿಗೆ ಎಂದು ನೆರೆಯವರು ಕೇಳಿದರೆ, ಯಾವುದಾದರೂ ತಪ್ಪಿಸಿಕೊಂಡಿರಬಹುದು, ಇರಲಿ ಒಂದು, ಎನ್ನುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ, ಕಡವಿನಲ್ಲಿ ದೋಣಿಗಳ ಹಗ್ಗ ಹಿಡಿಯುವ ಅವಳ ಮಗಳು ಕೈ ತೊಳೆದುಕೊಂಡು, 'ಬಂದೆ' ಎಂದು ಅಲ್ಲಿಂದಲೇ ಕೂಗಿ ಮನೆಗೆ ಹೊರಡುತ್ತಿದ್ದಳು.

ಆ ಊರು ಹೊಳೆಯ ಬಾಯಲ್ಲಿತ್ತು. ಅಂಗಡಿಯವರದು ತಕ್ಕಡಿ ಬೀದಿ. ರಬ್ಬರ್ ಮರ ಕೆತ್ತಿ ಹಾಲು ಇಳಿಸುವವರದು ಹಾಲುಮರದ ಬೀದಿ. ನೀರಿನ ಮೇಲೆ ಕಂಬ ಊರಿ ಮನೆ ಕಟ್ಟಿಕೊಂಡವರದು ಬಲೆಗಾರರ ದಂಡೆ. ಮೂರು ಬೀದಿಯವರೂ ಮೂರು ಥರ ಉಣ್ಣುತ್ತಿದ್ದರು, ಮೂರು ಥರ ಕೈಮುಗಿಯುತ್ತಿದ್ದರು, ಆದರೆ ಕುಡಿಯುತ್ತಿದ್ದದ್ದು ಒಂದೇ ನೀರು. ಅದು ಉಪ್ಪು. ಉಬ್ಬರದಲ್ಲಿ ಕಡಲು ಹೊಳೆಯೊಳಗೆ ನುಗ್ಗಿ ಬಾವಿಗಳಿಗೆಲ್ಲ ಇಳಿಯುತ್ತಿತ್ತು. ಕಾಯಿಸಿದ ಹಾಲು ಒಡೆಯುತ್ತಿತ್ತು. ಹುಟ್ಟಿದ ಕೂಸಿನ ತುಟಿ ಒಂದು ವಾರದೊಳಗೆ ಬಿರಿಯುತ್ತಿತ್ತು.

ಮೇಲೆ, ಹೊಳೆ ಹುಟ್ಟುವಲ್ಲಿ, ಗುಡ್ಡದ ಮನೆ ಇತ್ತು. ಹೊಳೆಯುದ್ದದ ಊರುಗಳಿಗೆ ಏನು ಸಿಗಬೇಕು, ಏನು ಸಿಗಬಾರದು ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತಿತ್ತು. ಗುಡ್ಡದ ಕೆರೆಯಿಂದ ಹೊರಟ ಸಿಹಿನೀರಿನ ಕೊಳವೆ ಹೊಳೆಯ ತಿರುವಿನವರೆಗೆ ಬಂದು, ಅದರಾಚೆ ಊರೇ ಇಲ್ಲವೆಂಬಂತೆ ಅಲ್ಲೇ ನಿಂತಿತ್ತು. ಆ ಮನೆಯಲ್ಲಿ ಮಾತಾಡಲು ಪ್ರತಿ ಊರೂ ಒಬ್ಬರನ್ನು ಆರಿಸಿ ಕಳಿಸಬೇಕು. ಹಾಗೆ ಹೋದವರಿಗೆ ಊರಿನ ಬಾಯಿ ಎಂದು ಹೆಸರು.

ಬೇರೆ ಊರುಗಳಲ್ಲಿ ಬಾಯಿಯಾಗುವವರು ಜನರಿಗೆ ಮಾತು ಕೊಡುತ್ತಾರೆ. ಈ ಊರಿನಲ್ಲಿ ಜನ ಬಾಯಿಗೆ ಮಾತು ಕೊಡಬೇಕಿತ್ತು. ಕಟ್ಟಳೆ ಹೀಗೆ: ಒಂದೊಂದು ಮನೆ ಒಂದೊಂದು ಮಾತನ್ನು, ಕೈ ಅಡ್ಡ ಹಿಡಿದು, ಬಾಯಿಯಾದವರ ಕಿವಿಯಲ್ಲಿ ಹೇಳಬೇಕು. ಹೇಳಿ, ಬಾಯಿ ಮುಕ್ಕಳಿಸಿ, ನೀರನ್ನು ಹೊಳೆಗೆ ಉಗಿಯಬೇಕು. ಅಲ್ಲಿಂದಾಚೆ ಆ ಮಾತು ಆ ಮನೆಯದಲ್ಲ. ಬಾಯಿಯಾದವರು ದೋಣಿ ಹತ್ತಿದ ಗಳಿಗೆಯಿಂದ ಮರಳಿ ಊರಿನ ನೆಲ ಮುಟ್ಟುವ ತನಕ ಜನ ಕೊಟ್ಟ ಮಾತುಗಳನ್ನಷ್ಟೇ ಆಡಬಹುದು, ತಮ್ಮದೊಂದು ಮಾತೂ ನಾಲಗೆಗೆ ಬರುವುದಿಲ್ಲ. ಗುಡ್ಡದ ಮೇಲೆ ಅವರು ಒಂದು ಮಾತು ಆಡಿದಾಗ ಅದನ್ನು ಕೊಟ್ಟವರ ಗಂಟಲು ಇಲ್ಲಿ ಬೆಚ್ಚಗಾಗುತ್ತದೆ. ಕೊಟ್ಟವರು ಮರೆತು ಇಲ್ಲಿ ಆ ಮಾತನ್ನು ಆಡಿಬಿಟ್ಟರೆ, ಅಲ್ಲಿ ಅದು ಬಾಯಿಂದ ಬಿದ್ದುಹೋಗುತ್ತದೆ, ಬರೀ ಉಸಿರು ಉಳಿಯುತ್ತದೆ. ಕೊಟ್ಟ ಕೆಲಸ ಮುಗಿದ ದಿನ ಬಾಯಿಯಾದವರು ಮನೆಮನೆಗೆ ಹೋಗಿ, ಅವರವರ ಕಿವಿಯಲ್ಲಿ ಅವರವರ ಮಾತನ್ನು ತಿರುಗಿ ಹೇಳಬೇಕು.

ಹಿಂದೊಮ್ಮೆ ಒಬ್ಬ ಬಾಯಿಯಾಗಿ ಹೋಗಿದ್ದ. ಗುಡ್ಡದ ಮನೆಯಲ್ಲಿ ಕೆಂಪು ಚಾಪೆ, ಹಸಿರು ಚಾಪೆ ಎಂದು ಎರಡು ಚಾಪೆ ಹಾಸಿರುತ್ತಾರೆ. ಊರಿನವರು ಅವನನ್ನು ಕೂರಿಸಿದ್ದು ಕೆಂಪಿನ ಮೇಲೆ. ಅವನು ಒಂದು ದಿನ ಊಟವಾದ ಮೇಲೆ ಹಸಿರಿಗೆ ಜಿಗಿದ. ಚಾಪೆ ಬದಲಿಸಿದವರಿಗೆ ಆ ಚಾಪೆಯೇ ಹೊಸ ಮಾತು ಕೊಡುತ್ತದೆ, ಹಳೆಯವು ಸಾಯುತ್ತವೆ. ಅವನು ಜಿಗಿದ ಗಳಿಗೆಯಲ್ಲಿ ಊರಿನ ಗಂಟಲುಗಳೆಲ್ಲ ಒಮ್ಮೆಗೇ ತಣ್ಣಗಾದವು. 'ನಾಳೆ' ಎಂಬುದನ್ನು ಕೊಟ್ಟಿದ್ದ ಮನೆಯವರು ಇವತ್ತಿಗೂ 'ಇವತ್ತಾದ ಮೇಲಿನದು' ಎಂದೇ ಹೇಳುತ್ತಾರೆ. ಜಿಗಿದವನು ಈಗ ಊರಿಗೆ ಬಂದು, ಬಿಳಿ ಬಟ್ಟೆ ಹಾಕಿಕೊಂಡು, ಎಲ್ಲರಿಗೂ ಕೈಮುಗಿಯುತ್ತ ಓಡಾಡುತ್ತಾನೆ. ಅವನ ಹಿಂದೆ ಮಕ್ಕಳು ಕಪ್ಪೆಯ ಹಾಗೆ ವಟಗುಟ್ಟುತ್ತವೆ.

ಆಮೇಲೆ ಜನ ಜಾಣರಾದರು. ಕೊಡಬೇಕು, ಆದರೆ ಕಳೆದರೂ ನಷ್ಟವಾಗಬಾರದು. 'ಮಹನೀಯ' ಕೊಟ್ಟರು. 'ಅಭಿವೃದ್ಧಿ' ಕೊಟ್ಟರು. 'ತನ್ಮೂಲಕ' ಎಂಬುದನ್ನು ಕೊಡಲು ನಾಲ್ಕು ಮನೆಯವರು ಜಗಳವಾಡಿದರು. ಯಾವ ಅಡುಗೆಮನೆಯಲ್ಲೂ ಬೇಕಾಗದ ಮಾತುಗಳನ್ನು ಹೊತ್ತು ಬಾಯಿಗಳು ಮೇಲೆ ಹೋದವು, ಗಂಟೆಗಟ್ಟಲೆ ಮಾತಾಡಿದವು, ಊರಿನಲ್ಲಿ ಒಬ್ಬರ ಗಂಟಲೂ ಬೆಚ್ಚಗಾದದ್ದು ಯಾರಿಗೂ ನೆನಪಿಲ್ಲ. ಕೊಳವೆ ತಿರುವಿನಲ್ಲೇ ಇತ್ತು.

ಬಾತಿನಮ್ಮನ ಮಗಳನ್ನು ಆರಿಸಿದ್ದು ಅವಳು ಮಾತಾಡುವುದಿಲ್ಲ ಎಂದೇ. ಹಗ್ಗ ಹಿಡಿಯುವುದು, ಬಿಡುವುದು, ತಲೆಯಾಡಿಸುವುದು, ಇಷ್ಟರಲ್ಲೇ ಅವಳ ದಿನ ಕಳೆಯುತ್ತಿತ್ತು. ಇವಳಾದರೆ ಸ್ವಲ್ಪ ಮಾತಿನಲ್ಲೇ ಮುಗಿಸುತ್ತಾಳೆ, ಹೆಚ್ಚು ಕೊಡಬೇಕಾಗಿಲ್ಲ ಎಂದು ಹಿರಿಯರು ಲೆಕ್ಕ ಹಾಕಿದರು. ಕೆಂಪು ಚಾಪೆಯ ಮೂಲೆಯೊಂದು ಅವಳಿಗೆಂದು ಗೊತ್ತಾಯಿತು.

ಮಾತು ಕೊಡುವ ದಿನ ಜನ ಎಂದಿನಂತೆ ಕಡವಿಗೆ ಬಂದು 'ಮಹನೀಯ' ಎನ್ನಲು ಬಾಯಿ ತೆರೆದರು. ಅವಳು ಕಿವಿ ಮುಚ್ಚಿಕೊಂಡಳು. ಇದು ಬೇಡ, ನಿಮ್ಮ ಮನೇಲಿ ದಿನಾ ಬೇಕಾಗೋದು ಕೊಡಿ, ಎಂದಳು. ಅಷ್ಟುದ್ದದ ಮಾತನ್ನು ಅವಳು ಆಡಿದ್ದು ಯಾರೂ ಕೇಳಿರಲಿಲ್ಲ. ಜನ ಮುಖ ಮುಖ ನೋಡಿಕೊಂಡು ಮನೆಗೆ ಹೋಗಿ ಕದ ಹಾಕಿಕೊಂಡರು.

ಅವಳು ಕದ ತಟ್ಟುತ್ತ ಹೋದಳು. ತೆರೆಯದಿದ್ದರೆ ಜಗಲಿಯ ಮೇಲೆ ಕೂತಳು. ಊಟದ ಹೊತ್ತಾದರೂ ಎದ್ದುಹೋಗಲಿಲ್ಲ. ಕೂತವಳಿಗೆ ಊಟ ಹಾಕಬೇಕಾಯಿತು, ಊಟ ಹಾಕಿದವರ ಹತ್ತಿರ ಅವಳು ಮತ್ತೆ ಕೇಳಿದಳು. ಚಹಾದಂಗಡಿಯ ಗಂಡಹೆಂಡತಿ ಸಾಕಾಗಿ 'ನೀರು' ಕೊಟ್ಟರು. ಆಮೇಲೆ ಆ ಅಂಗಡಿಯಲ್ಲಿ ಹೆಂಡತಿ, ಅವರಿಗೆ ಒಂದು ಲೋಟ ಅದು ಕೊಡಿ ಎಂದರೆ, ಗಂಡ ಯಾವುದು ಎಂದು ಕೇಳಿ ಬೈಸಿಕೊಳ್ಳುತ್ತಿದ್ದ. ಒಣಮೀನಿನವಳು 'ಉಪ್ಪು' ಕೊಟ್ಟಳು. ಹೆಂಡದಂಗಡಿಯವನು 'ಕುಡಿ' ಕೊಟ್ಟ, ತನ್ನ ಗಿರಾಕಿಗಳಿಗೆ ಅದನ್ನು ಹೇಳಿಕೊಡಬೇಕಾದ್ದಿಲ್ಲ ಎಂದ. ಒಂದೇ ಸೂರಿನಡಿ ಇದ್ದ ಅಣ್ಣತಮ್ಮಂದಿರು 'ನಮ್ಮ' ಕೊಟ್ಟರು, ಎರಡು ದಿನದಲ್ಲಿ ಅವರ ಮನೆಯಲ್ಲಿ 'ನನ್ನ', 'ನಿನ್ನ' ಬಿಟ್ಟರೆ ಏನೂ ಉಳಿಯದೆ ಹಜಾರದ ನಡುವೆ ತಡಿಕೆ ಎದ್ದಿತು.

ತಕ್ಕಡಿ ಬೀದಿಯ ದಿನಸಿ ಅಂಗಡಿಯವನ ಹತ್ತಿರ ಅವಳು 'ಇಲ್ಲ' ಕೇಳಿದಳು. ಅವನು ತಕ್ಕಡಿಯಿಂದ ಕಣ್ಣೆತ್ತದೆ, ಅಡ್ಡ ಬಂದ ನೊಣವನ್ನು ಓಡಿಸಲು ಕೈ ಎತ್ತಿ, ಬಗ್ಗಿ ನಿಂತಿದ್ದ ಅವಳ ಕಿವಿಯ ಹತ್ತಿರ, 'ಇಲ್ಲ' ಎಂದ. ಅಷ್ಟರಲ್ಲಿ ಗಂಟಲು ಕೆರೆದು ಒಂದು ಗುಟುಕು ನೀರು ಮುಕ್ಕಳಿಸಿ ಚರಂಡಿಗೆ ಉಗಿದ. ಚರಂಡಿ ಹೊಳೆ ಸೇರುತ್ತಿತ್ತು. ದೊಡ್ಡ ಉಪಕಾರವಾಯಿತು ಮಾವ, ಎಂದಳು ಅವಳು. ಅಯ್ಯೋ ನಾನು ಕೊಡಲೇ ಇಲ್ಲ ಎಂದು ಹೇಳಹೊರಟವನಿಗೆ ಅದಕ್ಕೆ ಬೇಕಾದ ಮಾತೇ ನಾಲಗೆಯ ಮೇಲಿರಲಿಲ್ಲ. ಅಂದಿನಿಂದ ಅವನು, ಬೆಲ್ಲ ಇದೆಯಾ ಎಂದು ಕೇಳಿದವರಿಗೆ ಖಾಲಿ ಡಬ್ಬವನ್ನು ಬಗ್ಗಿಸಿ ತೋರಿಸಬೇಕಾಯಿತು.

ಒಂದು ಮಾತು ಮಾತ್ರ ಸಿಗಲಿಲ್ಲ. ಕರೆಯುವ ಮಾತು. ಗುಡ್ಡದವರು ಬಂದು ನೋಡದೆ ಕೊಳವೆ ಇಳಿಯದು, ಕರೆಯದೆ ಅವರು ಬರುವುದಿಲ್ಲ. ಆದರೆ ಪ್ರತಿ ಮನೆಯಲ್ಲೂ ಕರೆಯಬೇಕಾದವರು ಯಾರೋ ಇದ್ದರು. ಕೂಸಿತ್ತು, ಕಡಲಿಗೆ ಹೋದ ಗಂಡನಿದ್ದ, ಮುನಿಸಿಕೊಂಡ ಸೊಸೆಯಿದ್ದಳು. ಉಳಿದದ್ದೆಲ್ಲ ಕೊಡುತ್ತೇವೆ ಅಕ್ಕ, ಅದೊಂದು ಬಿಡಿ, ಎಂದರು.

ಅವಳು ಮನೆಗೆ ಬಂದು ಹಿತ್ತಿಲ ಮೆಟ್ಟಿಲ ಮೇಲೆ ಕೂತಳು. ಏನನ್ನೂ ಕೇಳಲಿಲ್ಲ. ಬಾತಿನಮ್ಮ ತೌಡಿನ ಬಟ್ಟಲನ್ನು ಕೆಳಗಿಟ್ಟಳು.

"ನಂದು ತಗೊ," ಎಂದಳು.

"ಬಾತುಗಳು?"

"ತಟ್ಟೆ ಬಡಿದರಾಯ್ತು."

ಮಗಳು ತೌಡಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ನಾನು?"

"ನೀನು ಬಾತಿಗಿಂತ ಜಾಣೆ ಅಂದುಕೊಂಡಿದ್ದೆ," ಎಂದು ಬಾತಿನಮ್ಮ ಕೈ ಅಡ್ಡ ಹಿಡಿದು ಬಗ್ಗಿದಳು. ಕಿವಿಯಲ್ಲಿ ಆ ಒಂದು ಅಕ್ಷರವನ್ನು ಹೇಳಿ, ಬಾಯಿ ಮುಕ್ಕಳಿಸಿ, ಹೊಳೆಗೆ ಉಗಿದಳು.

ಅಂದಿನಿಂದ ಅವಳು ಎಷ್ಟು ಎಚ್ಚರವಾದಳೆಂದರೆ ಆ ಅಕ್ಷರದಿಂದ ಶುರುವಾಗುವ ಮಾತುಗಳನ್ನೆಲ್ಲ ಬಿಟ್ಟಳು. ಬಾಗಿಲು 'ಹೊಸ್ತಿಲ ಮೇಲಿನದು' ಆಯಿತು. ಬಾಳೆ 'ಗೊನೆ ಬಿಡುವ ಗಿಡ' ಆಯಿತು. ಬಾತುಗಳು 'ಅವು' ಆದವು. ಊರಿನ ಬಾಯಿ ನಿಮ್ಮ ಮಗಳಲ್ಲವೇ ಎಂದರೆ ಬರೀ ತಲೆಯಾಡಿಸುತ್ತಿದ್ದಳು. ಕಟ್ಟಳೆ ಅಷ್ಟು ಬಿಗಿಯಾಗಿಲ್ಲ ಎಂದು ಎಷ್ಟು ಜನ ಹೇಳಿದರೂ ಕೇಳಲಿಲ್ಲ, ಮಾತು ಜಾರೋಕೆ ಎಷ್ಟು ಹೊತ್ತು, ಎನ್ನುತ್ತಿದ್ದಳು. ತಟ್ಟೆಯ ಸದ್ದಿಗೆ ಬಾತುಗಳು ಹೆದರಿ ಇನ್ನೂ ದೂರ ಹೋದವು. ಹಾಗಾದರೆ 'ಬನ್ನಿ' ಅನ್ನು, ಅದು ಬೇರೆ ಮಾತು, ಯಾರೂ ತಪ್ಪೆನ್ನುವುದಿಲ್ಲ ಎಂದು ಚಹಾದಂಗಡಿಯವಳು ಹೇಳಿಕೊಟ್ಟಳು. ಬಾತಿನಮ್ಮ ಅದನ್ನೂ ಮಾಡಿ ನೋಡಿದಳು. ಮರುದಿನ ಬಂದು, ತಿರುಗಿ ಕೂಡ ನೋಡಲಿಲ್ಲ ಕಣೇ, ಇವಳ್ಯಾರೋ ಗುರುತಿಲ್ಲದವಳು ಅಂದುಕೊಂಡವು, ಎಂದಳು. ಕೊನೆಗೆ ಮೊಣಕಾಲುದ್ದದ ಕೆಸರಿಗೆ ಇಳಿದು, ಕೋಲು ಹಿಡಿದು, ಅವನ್ನು ದಿನಾ ಅಟ್ಟಿಕೊಂಡು ಬರುವುದೇ ಆಯಿತು.

ಮಗಳು ಉಬ್ಬರದ ಜೊತೆ ಮೇಲೆ ಹೋದಳು. ದೋಣಿಯಲ್ಲಿ ಊರಿನ ಬಾವಿಯ ನೀರು ತುಂಬಿದ ಒಂದು ಮಣ್ಣಿನ ಕೂಜೆ ಇತ್ತು.

ಗುಡ್ಡದ ಮನೆಯ ನಡುವೆ ಎತ್ತರದ ಕುರ್ಚಿ, ಅದರ ಮೇಲೆ ಹಳದಿ ಛತ್ರಿ, ಛತ್ರಿಯ ಕೆಳಗೆ ಕುರ್ಚಿಯವರು. ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಅವರ ಮುಂದೆ ಊರೂರಿನ ಬಾಯಿಗಳು ಎದ್ದು ನಿಂತು, ಮಹನೀಯ ಎಂದು ಶುರುಮಾಡಿ, ತನ್ಮೂಲಕ ಎಂದು ದಾಟಿ, ಕೃಪೆದೋರಬೇಕು ಎಂದು ಕುಳಿತುಕೊಳ್ಳುತ್ತಿದ್ದವು. ಕುರ್ಚಿಯವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವಳ ಸರದಿ ಬಂತು. ಅವಳು ಕೂಜೆಯನ್ನು ಎರಡೂ ಕೈಯಲ್ಲಿ ಹಿಡಿದು ಎದ್ದಳು.

"ನಮ್ಮ ನೀರು ಉಪ್ಪು," ಎಂದಳು. ಕುರ್ಚಿಯವರ ಕಡೆ ತಿರುಗಿ, "ಬಾ. ಕುಡಿ," ಎಂದಳು.

ಛತ್ರಿ ಹಿಡಿದವನ ಕೈಯಲ್ಲಿ ಛತ್ರಿ ವಾಲಿತು. ಕುರ್ಚಿಯವರು ಕಣ್ಣು ತೆರೆದರು. ಎರಡೂ ಚಾಪೆಯವರು ಒಟ್ಟಿಗೆ ಎದ್ದು ನಿಂತದ್ದು ಅದೇ ಮೊದಲು. ಇಂಥವರಿಗೆ ಇಂಥ ಮಾತೇ, ದನಕ್ಕೆ ಅಂದ ಹಾಗೆ, ಕೂಲಿಯವರಿಗೆ ಅಂದ ಹಾಗೆ, ಎಂದು ಒಬ್ಬೊಬ್ಬರೂ ಕೇಳಿದರು. ದಯಮಾಡಿಸಬೇಕು ಎನ್ನು, ಇಲ್ಲವಾದರೆ ಬರಬೇಕು ಎನ್ನು, ಕೊನೆಗೆ ಬನ್ನಿ ಎಂದಾದರೂ ಅನ್ನು, ಎಂದು ಮುದುಕರು ಹೇಳಿಕೊಟ್ಟರು. ಅವು ಯಾವುವೂ ಅವಳ ಹತ್ತಿರ ಇರಲಿಲ್ಲ. ಅವಳು ಕೂಜೆಯನ್ನು ಇನ್ನಷ್ಟು ಮುಂದೆ ಚಾಚಿ, ಬಾತಿನಮ್ಮ ಹೇಳುತ್ತಿದ್ದ ಅದೇ ಎಳೆತದಲ್ಲಿ, "ಬಾ," ಎಂದಳು.

ಕೆಳಗೆ ಊರಿನಲ್ಲಿ ಬಾತಿನಮ್ಮ ಕೆಸರಿನ ನಡುವೆ ನಿಂತು ಗಂಟಲು ಮುಟ್ಟಿಕೊಂಡಳು. ಚಹಾದಂಗಡಿಯ ಗಂಡಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ಒಣಮೀನಿನವಳು ಬುಟ್ಟಿ ಇಳಿಸಿದಳು. ಊರಿನವರಿಗೆ ತಾವು ಮಾತಾಡುತ್ತಿದ್ದೇವೆ ಎಂದು ಗೊತ್ತಾದದ್ದು ಅಂದೇ.

ಶಿಕ್ಷೆ ಆಯಿತು. ಮಳೆಗಾಲ ಮುಗಿಯುವವರೆಗೆ ಅವಳು ಚಾಪೆ ತುಳಿಯಕೂಡದು, ಹೊರಗೆ ದೊಡ್ಡ ಮರದಡಿ ಕೂರಬೇಕು. ಅವಳು ಕೂಜೆ ಇಟ್ಟುಕೊಂಡು ಕೂತಳು.

ಅಲ್ಲಿಗೆ ಚಾಪೆ ಹಾಸುವವನು ಬಂದ. ಯಾರು ಯಾವ ಚಾಪೆಯ ಮೇಲೆ ಎಲ್ಲಿ ಕೂರಬೇಕೆಂದು ನೋಡಿಕೊಳ್ಳುವವನು ಅವನೇ. ಮೆತ್ತಗೆ ನಡೆಯುತ್ತಿದ್ದ, ಎಲೆಯಡಿಕೆಯ ತಟ್ಟೆ ಹಿಡಿದುಕೊಂಡೇ ಬರುತ್ತಿದ್ದ. ಮೊದಲು ತಾಯಿಯ ಆರೋಗ್ಯ ಕೇಳಿದ. ಆಮೇಲೆ ಮಳೆಯ ಬಗ್ಗೆ ಮಾತಾಡಿದ. ಆಮೇಲೆ ಹತ್ತಿರ ಸರಿದ.

"ಒಂದಕ್ಷರ ಅಕ್ಕ. ಒಂದೇ ಒಂದಕ್ಷರ. ಅದನ್ನ ಇಲ್ಲಿ ಬಿಟ್ಟು, ಹಸಿರಿಗೆ ಬಂದುಬಿಡಿ. 'ದಯಮಾಡಿಸಿ' ನಾವು ಕೊಡ್ತೀವಿ. ಕೊಳವೆ ನಾಳೆ ಹೊರಡುತ್ತೆ. ಬಲೆಗಾರರ ದಂಡೆ ಬಿಡಿ, ಆ ಕಂಬದ ಮನೆಗಳಿಗೆ ಕೊಳವೆ ನಿಲ್ಲೋದಿಲ್ಲ. ಎರಡು ಬೀದಿಗಂತೂ ನೀರು."

ಅವಳು ಅವನನ್ನು ನೋಡಿದಳು. ಎರಡು ಬೀದಿಗೆ ನೀರು ಎಂದರೆ ಎಷ್ಟು ಕೂಸುಗಳ ತುಟಿ ಎಂದು ಅವಳಿಗೆ ಗೊತ್ತಿತ್ತು. ಜಿಗಿದರೆ ಎಷ್ಟು ಗಂಟಲು ತಣ್ಣಗಾಗುತ್ತವೆ ಎಂದೂ ಗೊತ್ತಿತ್ತು.

"ಇಲ್ಲ," ಎಂದಳು.

ಅವನು ನಕ್ಕು ಎದ್ದುಹೋದ. ಮರುದಿನ ಬಂದ. ಅದರ ಮರುದಿನವೂ ಬಂದ. ತಕ್ಕಡಿ ಬೀದಿಯ ಅಂಗಡಿಯವನಿಗೆ ಆ ಮಳೆಗಾಲವೆಲ್ಲ ಗಂಟಲು ಉರಿ. ಎಳನೀರು ಕುಡಿದ, ಜ್ಯೇಷ್ಠಮಧು ಚೀಪಿದ, ಯಾವುದಕ್ಕೂ ಬಗ್ಗಲಿಲ್ಲ. ಈ ಹುಡುಗಿ ಒಂದು ಸಲ 'ಹೌದು' ಅಂದರೆ ಇವಳ ಗಂಟೇನು ಹೋಗ್ತಿತ್ತು, ಎಂದು ಬಂದವರ ಹತ್ತಿರ ಗೊಣಗಿದ. ಆದರೆ ಆ ಗೊಣಗಾಟದಲ್ಲಿ ಒಂದು ಠೀವಿಯಿತ್ತು. ಗಂಟಲಿಗೆ ಬಟ್ಟೆ ಸುತ್ತಿಕೊಂಡು, ಎಲ್ಲರಿಗೂ ಕಾಣುವ ಹಾಗೆ ಅಂಗಡಿಯ ಮುಂದೆಯೇ ಕೂರುತ್ತಿದ್ದ.

ಮರದಡಿ ಕೂತವಳು ಸುಮ್ಮನಿರಲಿಲ್ಲ. ಆ ದಾರಿಯಲ್ಲಿ ಹೋದವರನ್ನೆಲ್ಲ ಕರೆದಳು. ಅಡುಗೆಯವಳನ್ನು, ಹುಲ್ಲು ಕೊಯ್ಯುವವನನ್ನು, ಕಾವಲಿನವನನ್ನು ಕರೆದಳು. ಅವರಿಗೆ 'ಬಾ' ಎಂದರೆ ಅವಮಾನವಾಗಲಿಲ್ಲ. ಮನೆಯಲ್ಲಿ ಅಮ್ಮ ಹಾಗೇ ಅಂದದ್ದು. ಅವರು ಬಂದು, ಕೈಯೊಡ್ಡಿ, ಒಂದು ಗುಟುಕು ಕುಡಿದು, ಉಗಿದು, ಅವಳ ಮುಖ ನೋಡಿದರು. ಪ್ರತಿ ಉಬ್ಬರಕ್ಕೂ ಊರಿನಿಂದ ಹೊಸ ಕೂಜೆ ಬಂತು. ಗುಡ್ಡದ ಅಡುಗೆಮನೆಗಳಲ್ಲಿ ಉಪ್ಪುನೀರಿನ ಮಾತು ಹುಟ್ಟಿತು. ಬೇಕೆಂದೇ ಸಾರಿಗೆ ಉಪ್ಪು ಜಾಸ್ತಿ ಹಾಕಿದರು ಎಂದೂ ಕೆಲವರು ಹೇಳುತ್ತಾರೆ.

ಮಳೆಗಾಲದ ಕೊನೆಯ ಸಂಜೆ ಸಭೆ ಮುರಿದು ಕುರ್ಚಿಯವರು ಹೊರಗೆ ಬಂದರು. ಮಳೆ ನಿಂತಿತ್ತಾದ್ದರಿಂದ ಛತ್ರಿಯವನು ಹಿಂದೆ ಉಳಿದಿದ್ದ. ಅವರು ಒಬ್ಬರೇ ಮೆಟ್ಟಿಲಿಳಿದು ಮರದ ಹತ್ತಿರ ನಿಂತರು. ಅವಳು ಬಾಯಿ ತೆರೆದಳು.

ಅದೇ ಸಂಜೆ ಊರಿನಲ್ಲಿ ಇಳಿತ ಜೋರಾಗಿತ್ತು. ಮಳೆಯ ಕೆಂಪು ನೀರು, ಇಳಿತದ ಎಳೆತ, ಎರಡೂ ಸೇರಿ ಬಾತುಗಳನ್ನು ದಂಡೆಯಿಂದ ನಡುಹೊಳೆಗೆ ಒಯ್ದವು. ಬಾತಿನಮ್ಮ ಕೋಲು ಹಿಡಿದು ಸೊಂಟದವರೆಗೆ ಇಳಿದಳು, ಮುಂದೆ ಹೋಗಲಾಗಲಿಲ್ಲ. ತಟ್ಟೆ ಬಡಿದಳು. ಅವು ಕತ್ತು ಎತ್ತಿ ಅವಳನ್ನೇ ನೋಡುತ್ತ ದೂರವಾಗುತ್ತಿದ್ದವು. ಒಂದು ಮಾತು ಸಾಕಿತ್ತು. ಅವು ತಿರುಗುತ್ತಿದ್ದವು. ದಡದ ಮೇಲೆ ನಿಂತವರು, ಕರೀರಿ ಅಜ್ಜಿ, ಒಂದು ಸಲಕ್ಕೆ ಏನಾಗಲ್ಲ, ಎಂದರು. ಅಷ್ಟರಲ್ಲಿ ಅವಳ ಗಂಟಲು ಬೆಚ್ಚಗಾಯಿತು. ಬೆಚ್ಚಗಲ್ಲ, ಯಾರೋ ಒಳಗಿನಿಂದ ದೀಪ ಹಿಡಿದ ಹಾಗೆ. ಬಾತಿನಮ್ಮ ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಬಾತುಗಳು ಒಂದೊಂದಾಗಿ ಹೊಳೆಯ ಬಾಯಿ ದಾಟಿ ಕಡಲಿಗೆ ಹೋದವು.

"ಬಾ," ಎಂದಳು ಮಗಳು ಗುಡ್ಡದ ಮೇಲೆ.

ಕುರ್ಚಿಯವರಿಗೆ ಯಾರಾದರೂ ಹಾಗೆ ಹೇಳಿ ಎಷ್ಟು ಕಾಲವಾಗಿತ್ತೋ. ಅವರು ಸುತ್ತ ನೋಡಿದರು. ಬಂದು ಮರದಡಿ ಬಗ್ಗಿದರು. ಅವಳು ಹೇಳುವ ಮೊದಲೇ ಕೈಯೊಡ್ಡಿದರು. ಬಾಯಿಗೆ ಹಾಕಿಕೊಂಡದ್ದನ್ನು ಉಗಿಯಬೇಕೆನ್ನಿಸಿತು, ಆದರೆ ಅಡುಗೆಯವಳು, ಹುಲ್ಲು ಕೊಯ್ಯುವವನು, ಕಾವಲಿನವನು ಎಲ್ಲರೂ ನಿಂತು ನೋಡುತ್ತಿದ್ದರು. ನುಂಗಿದರು.

ಮರುದಿನ ಸಭೆಯಲ್ಲಿ ಅವರು, ಹೊಳೆಯ ಬಾಯಿಯ ನೀರು ಉಪ್ಪೆಂದು ತಾವು ಬಹುಕಾಲದಿಂದ ಹೇಳುತ್ತಲೇ ಬಂದಿದ್ದೇವೆ ಎಂದರು. ಎರಡೂ ಚಾಪೆಯವರು ಹೌದೆಂದರು. ಅವಳನ್ನು ಒಳಗೆ ಕರೆದು, ಕೊಳವೆಯ ಕೆಲಸ ನೀನೇ ನೋಡಿಕೋ ಎಂದು ಗುಡ್ಡದ ಕೆರೆಯ ಬೀಗದ ಕೈ ಅವಳ ಕೈಗೆ ಕೊಟ್ಟರು.

ತಕ್ಕಡಿ ಬೀದಿಗೆ ನೀರು ಬಂದ ದಿನ ಕಮಾನು ಕಟ್ಟಿದರು. ಕಮಾನಿನ ಮೇಲೆ 'ಮಾತು ಉಳಿಸಿಕೊಂಡ ನಮ್ಮೂರ ಬಾಯಿ' ಎಂದು ಬರೆಸಿದರು. ಜನ ಅದನ್ನು ಓದಿ ಚಪ್ಪಾಳೆ ತಟ್ಟಿದರು. ಗುಂಪಿನಲ್ಲಿ ನಿಂತಿದ್ದ ಬಾತಿನಮ್ಮ, ಹೂಂ, ಉಳಿಸಿಕೊಂಡಿದ್ದಾಳೆ, ನಂದು ಇನ್ನೂ ಅವಳ ಹತ್ತಿರವೇ ಇದೆ, ಎಂದಳು. ಸುತ್ತಲಿನವರು ನಕ್ಕರು. ಕಮಾನಿನಡಿ ನಿಂತ ಮಗಳು ನಗಲಿಲ್ಲ.

ಕೆಲಸ ಮುಗಿದಿರಲಿಲ್ಲ. ಹಾಲುಮರದ ಬೀದಿಗೆ ನೀರು ಹೋಗುವಷ್ಟರಲ್ಲಿ ವರ್ಷಗಳಾದವು. ಅವಳನ್ನು ಮತ್ತೆ ಆರಿಸಿದರು, ಮತ್ತೂ ಆರಿಸಿದರು. ಅವಳ ತಲೆಯಲ್ಲಿ ಬಿಳಿಕೂದಲು ಕಂಡಿತು. ಗುಡ್ಡದ ಮನೆಯವರು ಅವಳ 'ಬಾ'ಗೆ ಒಗ್ಗಿಹೋದರು. ಮೊದಲು ಬೆಚ್ಚುತ್ತಿದ್ದವರು ಈಗ ಮುಗುಳ್ನಗುತ್ತಿದ್ದರು, ಮಕ್ಕಳಿಗೆ ಅದನ್ನು ಅಣಕಿಸಿ ತೋರಿಸುತ್ತಿದ್ದರು. ಕೆಳಗೆ ಬಾತಿನಮ್ಮನ ಗಂಟಲು ಉಗುರುಬೆಚ್ಚಗಾಗುತ್ತಿತ್ತು ಅಷ್ಟೆ, ಕೆಲವು ದಿನ ಅದೂ ಇಲ್ಲ. ಅವಳ ಮನೆಯಡಿಯಲ್ಲಿ ಬಾತುಗಳಿರಲಿಲ್ಲ. ಕರೆಯಲಾಗದ ಮೇಲೆ ಸಾಕುವುದು ಹೇಗೆ. ಮಗಳು ಊರಿಗೆ ಬಂದ ದಿನ ಅನ್ನ ಬಡಿಸಿ, ಒಳಗಿನಿಂದ ತಟ್ಟೆ ಬಡಿಯುತ್ತಿದ್ದಳು. ಮಗಳು ಎದ್ದುಹೋಗಿ ಊಟಕ್ಕೆ ಕೂರುತ್ತಿದ್ದಳು.

ಬಲೆಗಾರರ ದಂಡೆ ಮಾತ್ರ ಉಳಿಯಿತು. ಕಂಬದ ಮನೆಗೆ ಕೊಳವೆ ನಿಲ್ಲುವುದಿಲ್ಲ, ಉಬ್ಬರಕ್ಕೆ ಅಲುಗುತ್ತದೆ, ಇಷ್ಟು ಆಯಿತಲ್ಲ ಎಂದು ಚಾಪೆ ಹಾಸುವವನು ಎಲೆಯಡಿಕೆಯೊಂದಿಗೆ ಮತ್ತೆ ಬಂದ. ಅವಳು ಎದ್ದಳು. ಕೆರೆಯ ಬಳಿ ಹೋಗಿ, ಗುಡ್ಡದ ಮನೆಗೆ ಹೋಗುವ ತೂಬನ್ನೇ ಮುಚ್ಚಿ, ಬೀಗ ಹಾಕಿ, ಬೀಗದ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಳು. ಗುಡ್ಡದವರ ಹಂಡೆಗಳು ಬತ್ತಿದವು. ಕುರ್ಚಿಯವರ ಸ್ನಾನ ನಿಂತಿತು. ಒಬ್ಬೊಬ್ಬರೂ ಬಂದು ಬೀಗದ ಕೈ ಕೊಡು ಎಂದರು, ನಿನ್ನ ಜಾಗ ಹೋಗುತ್ತದೆ ಎಂದರು. ಅವಳು "ಇಲ್ಲ" ಎಂದಳು. ಸಿಟ್ಟಿಲ್ಲದೆ, ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ, ಆ ಮಾತನ್ನು ಆಗಷ್ಟೇ ಪಡೆದವಳ ಹಾಗೆ ಎಂದಳು. ಕೆಳಗೆ ಮುದುಕನಾಗಿದ್ದ ಅಂಗಡಿಯವನು ಗಂಟಲಿನ ಬಟ್ಟೆ ಬಿಚ್ಚಿ, ಬೀದಿಯ ನಡುವೆ ಬಂದು ನಿಂತ. ಶುರುವಾಯ್ತು ನೋಡಿ, ಎಂದ. ಊರೆಲ್ಲ ಅವನ ಸುತ್ತ ಸೇರಿ, ಅವನ ಕತ್ತಿನ ಮೇಲೆ ಕೈಯಿಟ್ಟು, ಆ ಬಿಸಿಯನ್ನು ಮುಟ್ಟಿ ನೋಡಿತು.

ಅಲುಗುವ ಕಂಬಕ್ಕೆ ಅಲುಗುವ ಕೊಳವೆ ಮಾಡಬಹುದೆಂದು ಗುಡ್ಡದವರಿಗೆ ಆಗ ಹೊಳೆಯಿತು. ದಂಡೆಯ ಕೊನೆಯ ಮನೆಯ ಹಿತ್ತಿಲ ಮೆಟ್ಟಿಲಲ್ಲಿ ಸಿಹಿನೀರು ಬಿತ್ತು.

ಅವಳು ಮಾತುಗಳನ್ನು ಹಿಂತಿರುಗಿಸಲು ಹೊರಟಳು. ಕೈ ಅಡ್ಡ ಹಿಡಿದು, ಕಿವಿಯಲ್ಲಿ ಹೇಳಿ, ಸಿಹಿನೀರಿನಲ್ಲಿ ಬಾಯಿ ಮುಕ್ಕಳಿಸಿ, ಮುಂದಿನ ಮನೆಗೆ ಹೋದಳು. ಚಹಾದಂಗಡಿಯವಳು, ನೀರು, ನೀರು, ನೀರು, ಎಂದು ಮೂರು ಲೋಟ ತೊಳೆದಳು. ಅಣ್ಣತಮ್ಮಂದಿರು 'ನಮ್ಮ' ಪಡೆದು, ಹಜಾರದ ತಡಿಕೆಯನ್ನು ಬಿಚ್ಚತೊಡಗಿದರು. ಅಂಗಡಿಯವನು 'ಇಲ್ಲ' ಪಡೆದ ಕೂಡಲೇ ಗಿರಾಕಿಯೊಬ್ಬ ಬಂದು ಬೆಲ್ಲ ಕೇಳಿದ. ಬೆಲ್ಲದ ಡಬ್ಬ ತುಂಬಿತ್ತು. ಅವನು ಕಣ್ಣು ಮುಚ್ಚಿ, ಬಾಯಿ ತುಂಬ, ಇಲ್ಲ, ಎಂದ.

ಕೊನೆಗೆ ಅವಳು ತಾಯಿಯ ಹತ್ತಿರ ಬಂದಳು. ಬಾತಿನಮ್ಮನ ಕಿವಿ ಆ ಹೊತ್ತಿಗೆ ಮಂದವಾಗಿತ್ತು. ಎರಡು ಸಲ ಹೇಳಬೇಕಾಯಿತು. ಬಾತಿನಮ್ಮ ಮಾತನ್ನು ಪಡೆದು, ಬಾಯಿ ಮುಚ್ಚಿ, ಅಡಿಕೆ ಹೋಳಿನ ಹಾಗೆ ಅದನ್ನು ದವಡೆಯಲ್ಲಿಟ್ಟುಕೊಂಡಳು. ಆಡಲಿಲ್ಲ. ಮಗಳು ಮೆಟ್ಟಿಲ ಮೇಲೆ ಕತ್ತಲಾಗುವವರೆಗೆ ಕಾದಳು. ಊರೂರಿನವರನ್ನು ಕರೆದಿದ್ದ ಅವಳನ್ನು ಇಷ್ಟು ವರ್ಷದಲ್ಲಿ ಯಾರೂ ಕರೆದಿರಲಿಲ್ಲ. ಬಾತಿನಮ್ಮ, ಊಟ ಆರುತ್ತೆ, ಎಂದಷ್ಟೇ ಹೇಳಿ ಒಳಗೆ ಹೋದಳು. ಮರುದಿನ ತಕ್ಕಡಿ ಬೀದಿಯಿಂದ ಬಾತಿನ ಮರಿಗಳನ್ನು ತಂದಳು.

ಮರಿಗಳು ಬಲಿಯುವ ಹೊತ್ತಿಗೆ ಗುಡ್ಡದವರ ಮರಳಿನ ದೋಣಿಗಳು ಬಂದವು. ಹೊಳೆಯ ಬಾಯಿಂದ ಮರಳು ಬಾಚಿ ಒಯ್ಯುತ್ತಿದ್ದವು. ದಡ ಕುಸಿಯುತ್ತಿತ್ತು, ಬಲೆಗಾರರ ದಂಡೆಯ ಕಂಬಗಳು ವಾಲುತ್ತಿದ್ದವು, ಹೊಸ ಕೊಳವೆ ಬಿಲ್ಲಿನ ಹಾಗೆ ಬಾಗಿತ್ತು. ಊರಿನವರು ಮತ್ತೆ ಅವಳ ಮನೆಗೆ ಬಂದರು. ಅವಳು ಹೆಚ್ಚು ಯೋಚಿಸಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕಡವಿಗೆ ನಡೆದಳು.

ಈ ಸಲ ಯಾರ ಕದವನ್ನೂ ತಟ್ಟಬೇಕಾಗಲಿಲ್ಲ. ಜನ ತಾವೇ ಬಂದರು. 'ಮರಳು' ಕೊಟ್ಟರು, 'ದಡ' ಕೊಟ್ಟರು, 'ನಿಲ್ಲು' ಕೊಟ್ಟರು. ಅಂಗಡಿಯವನು, ಈ ಸಲ ನಾನಾಗಿಯೇ ಕೊಡುತ್ತಿದ್ದೇನೆ, ಎಲ್ಲರೂ ನೋಡಿಕೊಳ್ಳಿ ಎಂದು ಸಾರಿ, 'ಇಲ್ಲ' ಕೊಟ್ಟ. ಅಣ್ಣತಮ್ಮಂದಿರು 'ನಮ್ಮ' ಮಾತ್ರ ಕೊಡುವುದಿಲ್ಲ ಎಂದು 'ನನ್ನ' ಕೊಟ್ಟು ಹಗುರಾಗಿ ಹೋದರು. ಸಾಲಿನ ಕೊನೆಯಲ್ಲಿ ಬಾತಿನಮ್ಮ ನಿಂತಿದ್ದಳು. ಮಗಳು ಬಗ್ಗಿ ಕಿವಿ ಕೊಟ್ಟಳು.

"ಅದು ಮನೇಲಿರಲಿ," ಎಂದಳು ಬಾತಿನಮ್ಮ. "ಈ ಸಲ ಬೇರೆ ಕೊಡ್ತೀನಿ."

ಕೈ ಅಡ್ಡ ಹಿಡಿದು, 'ಸಾಕು' ಎಂದಳು. ಮುಕ್ಕಳಿಸಿ ಉಗಿದಳು. ಇನ್ನು ಮೇಲೆ ಅವಳಿಗೆ ಯಾವುದನ್ನೂ ಸಾಕು ಎನ್ನಲಾಗದು.

ಮಗಳು ದೋಣಿ ಹತ್ತಿದಳು. ಉಬ್ಬರ ಏರುತ್ತಿತ್ತು. ಕಡವಿನಲ್ಲಿ ಈಗ ಬೇರೊಬ್ಬಳು ಹಗ್ಗ ಹಿಡಿದಿದ್ದಳು, ಬಿಟ್ಟಳು. ದೋಣಿ ದಂಡೆಯ ಮನೆಗಳ ಹಿತ್ತಿಲ ಪಕ್ಕದಲ್ಲೇ ಸಾಗಿತು. ವಾಲಿದ ಕಂಬಗಳು, ಬಾಗಿದ ಕೊಳವೆ, ಒಣಹಾಕಿದ ಬಲೆ ಹಿಂದೆ ಸರಿದವು. ಕೊನೆಯ ಮನೆಯ ಮೆಟ್ಟಿಲ ಮೇಲೆ ಬಾತಿನಮ್ಮ ತೌಡಿನ ಬಟ್ಟಲು ಹಿಡಿದು ನಿಂತಿದ್ದಳು. 'ಬಾ, ಬಾ' ಎಂಬುದು ನೀರಿನ ಮೇಲೆ ಕೇಳಿಸಿತು. ದನಿ ಹಳೆಯದಾಗಿತ್ತು, ಎಳೆತ ಅದೇ ಇತ್ತು. ಕಾಂಡ್ಲದ ಬೇರುಗಳ ನಡುವಿನಿಂದ ಬಾತುಗಳು ಸಾಲಾಗಿ ಬಂದು ಒಳಸೇರಿದವು. ತಡಿಕೆ ಮುಚ್ಚಿದ ಸದ್ದಾಯಿತು.

ಆಮೇಲೆ, ಏನೂ ಇಲ್ಲದ ನೀರಿಗೆ, ಇನ್ನೊಂದು ಸಲ.

"ಬಾ."

ಮಗಳು ದೋಣಿಯಲ್ಲಿ ಎದ್ದು ನಿಂತಳು. ಬಾಯಿ ತೆರೆದಳು. ನಾಲಗೆಯ ಮೇಲೆ ಮರಳು ಇತ್ತು, ದಡ ಇತ್ತು, ನಿಲ್ಲು, ನನ್ನ, ಸಾಕು, ಇಲ್ಲ ಇದ್ದವು. ಅವಳು ಅವನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿದಳು. 'ಬಂದೆ' ಎಂಬುದನ್ನು ಊರಿನಲ್ಲಿ ಯಾರೂ ಕೊಟ್ಟಿರಲಿಲ್ಲ. ಕೇಳಬೇಕೆಂದು ಅವಳಿಗೂ ಹೊಳೆದಿರಲಿಲ್ಲ. ಹುಟ್ಟು ಹಾಕುವವನು ಕೈ ನಿಲ್ಲಿಸಿ ಅವಳ ಕಡೆ ನೋಡಿದ. ಅವಳು ಬಾಯಿ ಮುಚ್ಚಿ, ಮೇಲಕ್ಕೆ, ಗುಡ್ಡದ ಕಡೆಗೆ ಕೈ ತೋರಿಸಿದಳು.

ಹುಟ್ಟು ಮತ್ತೆ ನೀರಿಗೆ ಬಿತ್ತು. ದೋಣಿ ತಿರುವಿನ ಹತ್ತಿರ ಬರುವಾಗಲೂ ಬಾತಿನಮ್ಮ, ಮಂದ ಕಿವಿಯನ್ನು ಹೊಳೆಯ ಕಡೆಗೆ ತಿರುಗಿಸಿಕೊಂಡು, ಮೆಟ್ಟಿಲ ಮೇಲೆ ಇನ್ನೂ ನಿಂತೇ ಇದ್ದಳು.

"ಬಾ," ಎಂದಳು.